ಸಿಬಿಲ್ ಕೆಟ್ಟಿದ್ದಾಗ ಮನೆ ಸಾಲ ಟೇಕ್‌ಓವರ್: ಯಾವುದು ಮೊದಲು, ಯಾವುದು ಆಮೇಲೆ

ಸಿಂಧನೂರು, ಗಂಗಾವತಿ ಕಡೆ ಭತ್ತದ ದುಡ್ಡು ಕೈಗೆ ಬರೋದು ತುಂಗಭದ್ರಾ ಎಡದಂಡೆ ಕಾಲುವೆಗೆ ಎರಡನೇ ಬೆಳೆಗೂ ನೀರು ಬಿಟ್ಟ ವರ್ಷ ಎರಡು ಸಲ, ಇಲ್ಲದಿದ್ದರೆ ಒಂದೇ ಸಲ. ಮನೆ ಸಾಲದ ಕಂತು ಮಾತ್ರ ತಿಂಗಳು ತಿಂಗಳು. ನಡುವೆ ಎರಡು ಕಂತು ಬೌನ್ಸ್ ಆದರೆ ಸಾಕು, ಸಿಬಿಲ್ ಸ್ಕೋರ್ (ಸಾಲ ಸರಿಯಾಗಿ ಕಟ್ಟುತ್ತೀರಾ ಎಂಬುದಕ್ಕೆ ಕೊಡುವ ಅಂಕ) ಬೀಳುತ್ತದೆ. ಫೈನಾನ್ಸ್ ಕಂಪನಿಯ ದುಬಾರಿ ಬಡ್ಡಿಯಿಂದ ಬ್ಯಾಂಕಿಗೆ ಸಾಲ ಬದಲಿಸುವ, ಅಂದರೆ ಟೇಕ್‌ಓವರ್ ಮಾಡಿಸುವ ಅಗತ್ಯ ಇಂಥವರಿಗೇ ಹೆಚ್ಚು.

ಆದರೆ ಸಿಕ್ಕ ಸಿಕ್ಕ ಬ್ಯಾಂಕಿಗೆ ಅರ್ಜಿ ಹಾಕಬೇಡಿ. ಪ್ರತಿ ಅರ್ಜಿಯೂ ನಿಮ್ಮ ಕ್ರೆಡಿಟ್ ರಿಪೋರ್ಟಿನಲ್ಲಿ (ಸಾಲಗಳ ದಾಖಲೆ) ವಿಚಾರಣೆಯಾಗಿ ದಾಖಲಾಗುತ್ತದೆ. ಸಾಲು ಸಾಲು ವಿಚಾರಣೆ ಕಂಡರೆ ಸ್ಕೋರ್ ಇನ್ನಷ್ಟು ಇಳಿಯುತ್ತದೆ. ನಿಮ್ಮ ರಿಪೋರ್ಟನ್ನು ನೀವೇ ನೋಡಿದರೆ ಏನೂ ಆಗದು. ಸಿಬಿಲ್, ಎಕ್ಸ್‌ಪೀರಿಯನ್, ಈಕ್ವಿಫ್ಯಾಕ್ಸ್, ಸಿಆರ್‌ಐಎಫ್ ಹೈ ಮಾರ್ಕ್, ಈ ರಿಪೋರ್ಟ್ ಇಡುವ ನಾಲ್ಕೂ ಸಂಸ್ಥೆಗಳು ವರ್ಷಕ್ಕೊಮ್ಮೆ ಪೂರ್ತಿ ರಿಪೋರ್ಟ್ ಉಚಿತವಾಗಿ ಕೊಡಲೇಬೇಕು. ನಾಲ್ಕನ್ನೂ ತೆಗೆಸಿ.

ರಿಪೋರ್ಟಿನಲ್ಲಿ ಸ್ಕೋರಿಗಿಂತ ಮುಖ್ಯವಾದದ್ದು ತಿಂಗಳವಾರು ಕಾಲಂ. 000 ಇದ್ದರೆ ಕಂತು ಸರಿಯಾಗಿ ಕಟ್ಟಿದೆ, 030 ಎಂದರೆ 30 ದಿನ ತಡ. 90 ದಿನ ದಾಟಿದರೆ ಸಾಲ ಕೆಟ್ಟ ಸಾಲದ ಪಟ್ಟಿಗೆ ಸೇರಿ ಎನ್‌ಪಿಎ ಆಗುತ್ತದೆ. ತೀರಿಸಿದ ಸಂಘದ ಸಾಲ ಇನ್ನೂ ಬಾಕಿ ಎಂದು ತೋರಿಸುತ್ತಿದೆಯಾ, ಬೀಗರ ಟ್ರ್ಯಾಕ್ಟರ್ ಸಾಲಕ್ಕೆ ಹಾಕಿದ ಜಾಮೀನು ಕೆಟ್ಟಿದೆಯಾ ನೋಡಿ. ತಪ್ಪಿದ್ದರೆ ಆನ್‌ಲೈನಿನಲ್ಲೇ ತಕರಾರು ಹಾಕಿ. 30 ದಿನದೊಳಗೆ ಇತ್ಯರ್ಥ ಆಗದಿದ್ದರೆ ದಿನಕ್ಕೆ 100 ರೂಪಾಯಿ ಪರಿಹಾರ ಕೊಡಬೇಕೆಂದು ಆರ್‌ಬಿಐ ನಿಯಮವಿದೆ. ‘ಸೆಟಲ್ಡ್’ ಎಂದಿದ್ದರೆ ಅದು ತಪ್ಪಲ್ಲ, ರಿಯಾಯಿತಿ ಪಡೆದು ಮುಗಿಸಿದ್ದಕ್ಕೆ ಬಿದ್ದ ಗುರುತು. ಬಿಟ್ಟ ಮೊತ್ತವನ್ನು ಕಟ್ಟಿ, ಬಾಕಿ ಇಲ್ಲವೆಂಬ ಪತ್ರ (ಎನ್‌ಒಸಿ) ಪಡೆದು, ‘ಕ್ಲೋಸ್ಡ್’ ಎಂದು ಬದಲಿಸಲು ಸಾಲ ಕೊಟ್ಟವರನ್ನೇ ಕೇಳಬೇಕು. ದುಡ್ಡು ಕೊಟ್ಟರೆ ಸ್ಕೋರ್ ಏರಿಸಿಕೊಡುತ್ತೇನೆ ಅನ್ನುವ ಏಜೆಂಟರನ್ನು ನಂಬಬೇಡಿ; ಸರಿಯಾಗಿರುವ ದಾಖಲೆಯನ್ನು ಅಳಿಸುವ ದಾರಿ ಯಾರಿಗೂ ಇಲ್ಲ.

ಆಮೇಲೆ 12 ತಿಂಗಳು ಒಂದೂ ಬೌನ್ಸ್ ಇಲ್ಲದೆ ಕಟ್ಟಿ. ಟೇಕ್‌ಓವರ್‌ಗೆ ಬ್ಯಾಂಕಿನವರು ಸಾಮಾನ್ಯವಾಗಿ ಮೊದಲು ನೋಡೋದು ಇದನ್ನೇ. ಸುಗ್ಗಿ ದುಡ್ಡು ಬಂದ ದಿನವೇ ಮುಂದಿನ ಸುಗ್ಗಿವರೆಗಿನ ಕಂತುಗಳನ್ನು ಲೆಕ್ಕ ಹಾಕಿ, ಕಂತು ಕಡಿತವಾಗುವ ಖಾತೆಯಲ್ಲೇ ಬಿಟ್ಟುಬಿಡಿ. ಈ ನಡುವೆ ಈಗಿನ ಕಂಪನಿಗೆ ಬಡ್ಡಿ ಇಳಿಸಲು ಲಿಖಿತವಾಗಿ ಕೇಳಿ. ಸಣ್ಣ ಶುಲ್ಕಕ್ಕೆ ಒಪ್ಪಿದರೆ ಟೇಕ್‌ಓವರ್ ಗೋಜೇ ಬೇಡ.

ಕಾಗದಪತ್ರ: ಇ-ಖಾತಾ (ಪಂಚಾಯ್ತಿ ಆಸ್ತಿಯಾದರೆ ಫಾರಂ 9, 11), ನೋಂದಣಿ ಇಲಾಖೆಯ ಕಾವೇರಿ ಜಾಲತಾಣದಿಂದ ಇ.ಸಿ. (ಋಣಭಾರ ಪತ್ರ), ಎನ್‌ಎ (ಭೂಪರಿವರ್ತನೆ) ಆದೇಶ. ಎನ್‌ಎ ಆಗದ ಸೈಟಿನ ಮನೆಗೆ ಫೈನಾನ್ಸ್ ಕಂಪನಿ ಸಾಲ ಕೊಟ್ಟಿರಬಹುದು, ಬ್ಯಾಂಕಿನ ವಕೀಲರು ಒಪ್ಪುವುದು ಕಷ್ಟ. ಇದನ್ನು ಮೊದಲೇ ನೋಡಿಕೊಂಡರೆ ಪ್ರೊಸೆಸಿಂಗ್ ಫೀ ಉಳಿಯುತ್ತದೆ.

ಲೆಕ್ಕದಲ್ಲೇ ಜನ ಹೆಚ್ಚು ಮೋಸ ಹೋಗೋದು. 20 ಲಕ್ಷ ಬಾಕಿ, 15 ವರ್ಷ, ಶೇ 11 ಬಡ್ಡಿ ಇದ್ದರೆ ಕಂತು ಸುಮಾರು 22,730. ಶೇ 9ಕ್ಕೆ ಅದೇ 15 ವರ್ಷಕ್ಕೆ ಬದಲಿಸಿದರೆ 20,285, ಒಟ್ಟು 4.4 ಲಕ್ಷ ಉಳಿತಾಯ. ಆದರೆ ‘ಕಂತು 18,000ಕ್ಕೆ ಇಳಿಸಿಕೊಡ್ತೀವಿ’ ಎಂದು 20 ವರ್ಷ ಮಾಡಿಸಿದರೆ, ಬಡ್ಡಿ ಶೇ 9ಕ್ಕೆ ಇಳಿದರೂ ಒಟ್ಟು ಕಟ್ಟೋದು ಮೊದಲಿಗಿಂತ 2 ಲಕ್ಷಕ್ಕೂ ಹೆಚ್ಚಾಗುತ್ತದೆ. ಅವಧಿ ಹೆಚ್ಚಿಸಲು ಒಪ್ಪಬೇಡಿ. ಬದಲಾಗುವ ಬಡ್ಡಿಯ ಮನೆ ಸಾಲವನ್ನು ವೈಯಕ್ತಿಕವಾಗಿ ಪಡೆದವರಿಂದ ಹಳೆಯ ಸಂಸ್ಥೆ ಮುಂಚಿತ ತೀರಿಕೆಗೆ ದಂಡ ವಸೂಲಿ ಮಾಡುವಂತಿಲ್ಲ. ಹೊಸ ಬ್ಯಾಂಕಿನ ಪ್ರೊಸೆಸಿಂಗ್ ಫೀ, ಅದರ ಮೇಲೆ ಶೇ 18 ಜಿಎಸ್‌ಟಿ, ವಕೀಲರ ಅಭಿಪ್ರಾಯ, ಮನೆ ಬೆಲೆ ಕಟ್ಟಿಸುವ ಖರ್ಚು, ಹಕ್ಕುಪತ್ರ ಠೇವಣಿಯ ಮುದ್ರಾಂಕ ಶುಲ್ಕ ಇವನ್ನು ಉಳಿತಾಯದಿಂದ ಕಳೆಯಿರಿ.

ಕೊನೆ ಹಂತದ ಒಂದು ಎಚ್ಚರ. ಹಳೆಯ ಸಂಸ್ಥೆ ಕೊಡುವ ಫೋರ್‌ಕ್ಲೋಷರ್ ಪತ್ರದ (ಸಾಲ ಪೂರ್ತಿ ತೀರಿಸಲು ಎಷ್ಟು ಕಟ್ಟಬೇಕೆಂದು ತಿಳಿಸುವ ಪತ್ರ) ಮೊತ್ತಕ್ಕೆ ದಿನದ ಗಡುವಿರುತ್ತದೆ, ಬಡ್ಡಿ ದಿನದಿನವೂ ಸೇರುತ್ತದೆ. ಹೊಸ ಬ್ಯಾಂಕಿನ ಡಿಡಿ ವಾರ ತಡವಾದರೆ ಕೆಲವು ಸಾವಿರ ಕಡಿಮೆ ಬಿದ್ದು, ಖಾತೆ ತೆರೆದೇ ಉಳಿದು, ಮುಂದಿನ ತಿಂಗಳು ಮತ್ತೆ ಬೌನ್ಸ್ ದಾಖಲಾಗಬಹುದು. ಹಾಗಾಗಿ ಸಾಲ ಮುಗಿದ ಪತ್ರ ಕೈಗೆ ಬರುವವರೆಗೆ ಹಳೆಯ ಖಾತೆಯಲ್ಲಿ ಒಂದು ಕಂತಿನಷ್ಟು ಹಣ ಇಟ್ಟಿರಿ.