ವಾದಕ್ಕಿಳಿದರೆ ಬಾಯಿ ಬರುತ್ತದೆ: ಮುಂಬಯಿಯ ಒಂದು ಇಂಗ್ಲಿಷ್ ತರಗತಿ

ಮುಂಬಯಿಯ ವಡಾಲದಲ್ಲಿ ಸಂಜೆಯ ಹೊತ್ತು ನನ್ನ ಬಳಿ ಇಂಗ್ಲಿಷ್ ಕಲಿಯುವ ಕನ್ನಡದ ಹುಡುಗ ಹುಡುಗಿಯರಲ್ಲಿ ಹೆಚ್ಚಿನವರು ಹೋಟೆಲು, ಅಂಗಡಿಗಳಲ್ಲಿ ದುಡಿಯುವವರು. ಲೋಕಲ್ ರೈಲಿನ ಇಂಗ್ಲಿಷ್ ಘೋಷಣೆಯನ್ನು ದಿನವೂ ಕೇಳುವ ಇವರಿಗೆ ಆ ಭಾಷೆ ತಕ್ಕಮಟ್ಟಿಗೆ ಅರ್ಥವಾಗುತ್ತದೆ; ಆದರೆ ಈ ಊರಿನಲ್ಲಿ ಹಿಂದಿಯಿಂದಲೇ ವ್ಯವಹಾರ ಸಾಗುವುದರಿಂದ, ನೌಕರಿಯ ಸಂದರ್ಶನ ಎದುರಾಗುವವರೆಗೂ ಅದರಲ್ಲಿ ಮಾತಾಡುವ ಪ್ರಮೇಯವೇ ಬರುವುದಿಲ್ಲ. ಫ್ರೆಂಚ್ ಮಾಧ್ಯಮದಲ್ಲಿ ವರ್ಷಗಟ್ಟಲೆ ಓದಿದ ಇಂಗ್ಲಿಷ್ ಮನೆಮಾತಿನ ಮಕ್ಕಳು ಕೇಳಿ ತಿಳಿಯುವುದರಲ್ಲಿ ಮುಂದಿದ್ದರೂ ಮಾತಿನಲ್ಲಿ ಹಿಂದುಳಿದದ್ದನ್ನು ಕಂಡ ಕೆನಡಾದ ಭಾಷಾಕಲಿಕೆಯ ಸಂಶೋಧಕಿ ಮೆರಿಲ್ ಸ್ವೇನ್, ಕೇಳಿದರಷ್ಟೇ ಸಾಲದು, ಆಡಿಯೂ ಕಲಿಯಬೇಕು ಎಂದು 1985ರಲ್ಲಿ ವಾದಿಸಿದರು. ನನ್ನ ತರಗತಿಯಲ್ಲಿ ಆಡಲೇಬೇಕಾದ ಸಂದರ್ಭವನ್ನು ಒದಗಿಸಿದ್ದು ಚರ್ಚಾಕೂಟ.

ಕಂಠಪಾಠ ಮಾಡಿ ಒಪ್ಪಿಸುವ ಭಾಷಣ ಸ್ಪರ್ಧೆಯಿಂದ ಈ ಪ್ರಯೋಜನವಿಲ್ಲ ಎಂಬುದು ನನ್ನ ದೃಢವಾದ ಅಭಿಪ್ರಾಯ. ಚರ್ಚೆಯಲ್ಲಾದರೋ, ಎದುರಾಳಿಯ ಮಾತನ್ನು ಕಿವಿಗೊಟ್ಟು ಕೇಳಿ, ಅದನ್ನು ತನ್ನ ಮಾತಿನಲ್ಲಿ ಒಮ್ಮೆ ಹೇಳಿದ ಬಳಿಕವೇ ಖಂಡಿಸಬೇಕೆಂಬ ನಿಯಮವಿಟ್ಟರೆ, ಬರೆದು ತಂದ ಚೀಟಿ ಅಲ್ಲಿ ನೆರವಿಗೆ ಬಾರದು. ವಿಶ್ವವಿದ್ಯಾಲಯಗಳ ಚರ್ಚಾಸ್ಪರ್ಧೆಗಳಲ್ಲಿ ಬಳಸುವ ಬ್ರಿಟಿಷ್ ಪಾರ್ಲಿಮೆಂಟರಿ ಮಾದರಿಯಲ್ಲಿ ತಲಾ 2 ಜನರ 4 ತಂಡಗಳಿದ್ದು, ಒಬ್ಬೊಬ್ಬರಿಗೆ ಸಾಮಾನ್ಯವಾಗಿ 7 ನಿಮಿಷ ಸಿಗುತ್ತದೆ. ಹೊಸಬರಿಗೆ 2 ನಿಮಿಷವೇ ಧಾರಾಳ.

ಮಹಾರಾಷ್ಟ್ರದಲ್ಲಿ 2018ರಲ್ಲಿ ಬಂದ ಪ್ಲಾಸ್ಟಿಕ್ ನಿಷೇಧವನ್ನು ಒಮ್ಮೆ ವಿಷಯವಾಗಿ ಕೊಟ್ಟಿದ್ದೆ. ಪರ ವಹಿಸಿದ ಹುಡುಗ ಬಟ್ಟೆಯ ಚೀಲವನ್ನು ಹೊಗಳಿ ಕುಳಿತ ಕೂಡಲೇ, ಅದುವರೆಗೆ ತಲೆಯೆತ್ತಿ ಮಾತಾಡದಿದ್ದ ಹುಡುಗಿಯೊಬ್ಬಳು ಎದ್ದು, “ಯೂ ಸೇ ಕ್ಲಾತ್ ಬ್ಯಾಗ್. ಫಿಶ್ ಆಲ್ಸೋ ಕ್ಲಾತ್ ಬ್ಯಾಗ್? ವಾಟರ್ ಕಮ್ಸ್, ಟ್ರೇನ್‌ನಲ್ಲಿ ಆಲ್ ಪೀಪಲ್ ಶೌಟ್!” ಎಂದಳು. ವ್ಯಾಕರಣ ಸರಿಯಿರಲಿಲ್ಲ, ನಡುವೆ ಕನ್ನಡದ ‘ನಲ್ಲಿ’ಯೂ ನುಸುಳಿತ್ತು, ಆದರೂ ವಾದಕ್ಕೆ ಕಸುವಿತ್ತು, ಹುಡುಗ ಉತ್ತರ ಹುಡುಕಲೇಬೇಕಾಯಿತು. ಆಗಲೇ ತಡೆದು ತಿದ್ದಿದ್ದರೆ ಅವಳು ಮತ್ತೆ ಎದ್ದು ನಿಲ್ಲುತ್ತಿರಲಿಲ್ಲ. ಹಾಗಾಗಿ ತಪ್ಪುಗಳನ್ನು ಗುರುತು ಹಾಕಿಕೊಂಡು, ಚರ್ಚೆ ಮುಗಿದ ಮೇಲೆ ಯಾರ ಹೆಸರನ್ನೂ ಎತ್ತದೆ ಹಲಗೆಯ ಮೇಲೆ ಬರೆದು ಎಲ್ಲರಿಂದಲೂ ತಿದ್ದಿಸುತ್ತೇನೆ.

ತಯಾರಿಯ ವೇಳೆ ಕನ್ನಡದಲ್ಲೋ ತುಳುವಿನಲ್ಲೋ ತಮ್ಮತಮ್ಮಲ್ಲಿ ಚರ್ಚಿಸಿಕೊಳ್ಳಲು ಬಿಡುತ್ತೇನೆ. ಇದಕ್ಕೆ ಆಕ್ಷೇಪಿಸುವ ಅಧ್ಯಾಪಕರಿದ್ದಾರೆ, ಆದರೆ ಹೇಳುವ ವಿಚಾರವೇ ಗಟ್ಟಿಯಾಗದವರಿಗೆ ಯಾವ ಭಾಷೆಯಲ್ಲಿಯೂ ಮಾತು ಹೊರಡದು. ಪರವೋ ವಿರೋಧವೋ ಎಂಬುದನ್ನು ಚೀಟಿ ಎತ್ತಿ ನಿರ್ಧರಿಸುವುದೂ ಒಳ್ಳೆಯದು: ತನ್ನದಲ್ಲದ ಪಕ್ಷವನ್ನು ವಹಿಸಿದವರು ಸೋತರೂ ಮನಸ್ಸಿಗೆ ಹಚ್ಚಿಕೊಳ್ಳದೆ, ಮುಂದಿನ ವಾರದ ವಿಷಯವೇನೆಂದು ಕೇಳುತ್ತಾರೆ.