ತಬಲಾಕ್ಕಾಗಿ ಮಾಡಿದ ಲೆವೆಲ್ ಮೀಟರ್

ಮಲ್ಲಿಕಾರ್ಜುನ ಮನ್ಸೂರ, ಬಸವರಾಜ ರಾಜಗುರು ಬಾಳಿದ ಊರು ಧಾರವಾಡ. ಇಲ್ಲಿ ಮನೆಯ ಪಡಸಾಲೆಯಲ್ಲೂ ಬೈಠಕ್ ನಡೆಯುತ್ತದೆ. ಅವನ್ನು ರೆಕಾರ್ಡ್ ಮಾಡಿಕೊಡುವುದು ನನ್ನ ಹುಚ್ಚು. ಎಡ ಚಾನೆಲ್‌ಗೆ ಗಾಯನ, ಬಲಕ್ಕೆ ತಬಲಾ. ಮಿಕ್ಸಿಂಗ್ ಆಮೇಲೆ ಮನೆಯಲ್ಲಿ.

ದನಿ ಎಷ್ಟು ಜೋರಿದೆ ಅಂತ ತೋರಿಸಲು ನನ್ನ ಮಿಕ್ಸರ್‌ನಲ್ಲಿ ಇರುವುದು ನಾಲ್ಕೇ ದೀಪ. ಕೆಂಪು ಹೊತ್ತುವಷ್ಟರಲ್ಲಿ ಕೆಲಸ ಕೆಟ್ಟಿರುತ್ತದೆ. ಲ್ಯಾಪ್‌ಟಾಪ್ ಇಟ್ಟರೆ ಅದರ ಫ್ಯಾನ್ ತಂಬೂರಿ ಮೈಕಿಗೆ ಕೇಳುತ್ತದೆ. ಅದಕ್ಕೇ ಫ್ಯಾನ್ ಇಲ್ಲದ ರಾಸ್ಪ್‌ಬೆರಿ ಪೈ ಝೀರೋ 2 ಡಬ್ಲ್ಯೂ ಎಂಬ ಪುಟ್ಟ ಕಂಪ್ಯೂಟರಿಗೆ 2.8 ಇಂಚಿನ ಪರದೆ ಕಟ್ಟಿ ಒಂದು ಮೀಟರ್ ಮಾಡಿಕೊಂಡೆ. ಪೈಗೆ ಆಡಿಯೋ ಇನ್‌ಪುಟ್ ಇಲ್ಲ, ಯುಎಸ್‌ಬಿ ಸೌಂಡ್ ಕಾರ್ಡ್ ಬೇಕು. ತೀರಾ ಅಗ್ಗದವುಗಳಲ್ಲಿ ಬರೀ ಮೊನೊ ಮೈಕ್ ಇನ್‌ಪುಟ್ ಇರುತ್ತದೆ. ಸ್ಟೀರಿಯೋ ಲೈನ್ ಇನ್ ಇದೆಯಾ ನೋಡಿಯೇ ತಗೊಳ್ಳಿ.

ನಿಜವಾದ ತಲೆನೋವು ತಬಲಾದ್ದು. ದನಿಯ ಸರಾಸರಿ ಮಟ್ಟ ತೋರಿಸುವ ಹಳೇ ವಿಯು (ವಾಲ್ಯೂಮ್ ಯುನಿಟ್) ಮೀಟರಿನ ಮುಳ್ಳು ಪೂರ್ತಿ ಏರಲು 300 ಮಿಲಿಸೆಕೆಂಡ್ ಬೇಕು. ಅಮೆರಿಕದಲ್ಲಿ 1939ರ ಸುಮಾರಿಗೆ ರೇಡಿಯೋದವರು, ಟೆಲಿಫೋನಿನವರು ಕೂಡಿ ಮಾಡಿದ ಲೆಕ್ಕ ಅದು. ಕಿವಿಗೆ ಎಷ್ಟು ಜೋರು ಅನ್ನಿಸುತ್ತದೋ ಹೆಚ್ಚುಕಡಿಮೆ ಅಷ್ಟನ್ನೇ ತೋರಿಸುತ್ತದೆ. ಆಲಾಪಕ್ಕೆ ಅದು ಸಾಕು. ಆದರೆ ತಬಲಾದ ಅಂಚಿಗೆ ಬೀಳುವ 'ನಾ' ಕೆಲವೇ ಮಿಲಿಸೆಕೆಂಡ್‌ನಲ್ಲಿ ತುದಿ ಮುಟ್ಟಿ ಇಳಿದಿರುತ್ತದೆ. ಮುಳ್ಳು ಇನ್ನೂ ಕೆಳಗೇ ಇರುವಾಗ ಇಲ್ಲಿ ರೆಕಾರ್ಡಿಂಗ್ ಕ್ಲಿಪ್ ಆಗಿರುತ್ತದೆ, ಅಂದರೆ ಮಿತಿ ಮೀರಿ ದನಿಯ ತುದಿ ಕತ್ತರಿಸಿ ಹೋಗಿರುತ್ತದೆ.

ಹಾಗಾಗಿ ಎರಡನ್ನೂ ಒಟ್ಟಿಗೆ ತೋರಿಸಿದ್ದೇನೆ. ದಪ್ಪ ಹಸಿರು ಪಟ್ಟಿ ವಿಯು, ಮೇಲಿನ ತೆಳು ಬಿಳಿ ಗೆರೆ ಪೀಕ್, ಅಂದರೆ ಆ ಕ್ಷಣದ ತುದಿ. ಗೆರೆ ಥಟ್ಟನೆ ಏರಿ, ಎರಡು ಸೆಕೆಂಡ್ ನಿಂತು, ನಿಧಾನಕ್ಕೆ ಇಳಿಯುತ್ತದೆ. ನಿಲ್ಲದಿದ್ದರೆ ಕಣ್ಣಿಗೆ ಸಿಗುವುದೇ ಇಲ್ಲ. ಮಿಕ್ಸರಿನ ಸೊನ್ನೆಯನ್ನು 1 ಕಿಲೋಹರ್ಟ್ಸ್ ಟೋನ್ ಹಾಯಿಸಿ ಮೈನಸ್ 18 ಡಿಬಿಎಫ್‌ಎಸ್‌ಗೆ, ಅಂದರೆ ಡಿಜಿಟಲ್ ರೆಕಾರ್ಡಿಂಗ್‌ನ ಗರಿಷ್ಠ ಮಿತಿಗಿಂತ 18 ಡೆಸಿಬಲ್ ಕೆಳಗೆ, ಹೊಂದಿಸಿದೆ. ಅಷ್ಟು ಖಾಲಿ ಜಾಗ ಜಾಸ್ತಿ ಅನ್ನಿಸಬಹುದು, ಆದರೆ ದ್ರುತ್ (ವೇಗದ ಲಯ) ಶುರುವಾದರೆ ಆ ಜಾಗವೂ ಬೇಗ ತುಂಬುತ್ತದೆ.

ಇನ್ನು ಪರದೆಯ ವೇಗ. ಸೆಕೆಂಡಿಗೆ 48,000 ಸ್ಯಾಂಪಲ್‌ನಂತೆ (ದನಿಯ ಒಂದೊಂದು ಅಳತೆ), ಮೀಟರ್ ಒಮ್ಮೆಗೆ ಓದುವ 1024 ಸ್ಯಾಂಪಲ್ ಬರಲು ಸುಮಾರು 21 ಮಿಲಿಸೆಕೆಂಡ್. ಆದರೆ 320×240ರ ಇಡೀ ಚಿತ್ರ ಪೈನಿಂದ ಪರದೆಗೆ ಇರುವ 32 ಮೆಗಾಹರ್ಟ್ಸ್ ಎಸ್‌ಪಿಐ ಸಂಪರ್ಕದಲ್ಲಿ ಹೋಗಲು 38 ಮಿಲಿಸೆಕೆಂಡ್ ಬೇಕು. ಚಿತ್ರ ಹಿಂದೆ ಬೀಳುತ್ತದೆ, ಅಲ್ವಾ? ಅದಕ್ಕೆ ಅಂಕಿ, ಗುರುತುಗಳನ್ನು ಒಂದೇ ಸಲ ಬರೆದು, ಆಮೇಲೆ ಪಟ್ಟಿಯಲ್ಲಿ ಬದಲಾದ ತುಂಡನ್ನಷ್ಟೇ ಕಳಿಸುತ್ತೇನೆ.

ಕೆಲವರ ಮನೆಯಲ್ಲಿ ಚಾರ್ಜರ್ ಹಾಕಿದರೆ ಗುಂಯ್ ಅಂತ 50 ಹರ್ಟ್ಸ್ ಸೇರಿಕೊಳ್ಳುತ್ತದೆ. ಸುಮ್ನೆ ಪವರ್ ಬ್ಯಾಂಕ್ ಇಟ್ಟುಕೊಳ್ಳಿ.

ಉಳಿದ ತೊಂದರೆಗೆ ಕೋಡ್‌ನಲ್ಲಿ ಪರಿಹಾರ ಇಲ್ಲ. "ತಮ್ಮಾ, ಆ ಬಿಳೀ ಗೆರಿ ನಂದೇನು?" ಅಂತ ತಬಲಾದವರು ಕೇಳಿದರು. ಹೌದು ಅಂದೆ. ಅಲ್ಲಿಂದ ಅವರ ಕಣ್ಣು ಗಾಯಕರ ಮೇಲೆ ಇರಲೇ ಇಲ್ಲ, ಗೆರೆ ಎಷ್ಟು ಏರುತ್ತದೆ ಅಂತ ನೋಡಿಕೊಂಡೇ ಬಾರಿಸಿದರು. ಈಗ ಪೆಟ್ಟಿಗೆಯನ್ನು ನನ್ನ ಕಡೆ ತಿರುಗಿಸಿ, ಪಕ್ಕಕ್ಕೆ ಒಂದು ರಟ್ಟು ನಿಲ್ಲಿಸುತ್ತೇನೆ.