ಹಸಿವಲ್ಲ ಸಾರ್, ಸೆಕೆ

ಭಾನುವಾರ ರಂಗನತಿಟ್ಟಿನಲ್ಲಿ ನಾವು ದೋಣಿ ಹತ್ತುವಾಗ ಹನ್ನೊಂದು ದಾಟಿತ್ತು. ಬಿಸಿಲು ಚುರುಗುಟ್ಟುತ್ತಿತ್ತು. ಹಕ್ಕಿ ನೋಡುವ ಹೊತ್ತಲ್ಲ ಅದು. ಆದರೆ ಬಂಡೆಯ ಮೇಲೊಂದು ದೊಡ್ಡ ಮೊಸಳೆ ಬಾಯಿ ಅಗಲಿಸಿಕೊಂಡು ಬಿದ್ದಿತ್ತು. ಮುಂದಿನ ಸಾಲಿನ ಅಂಕಲ್ ಫೋನ್ ಎತ್ತಿದರು. "ಪಾಪ, ಹೆಂಗೆ ಬಾಯಿ ಬಿಟ್ಕೊಂಡಿದೆ. ಹಸಿದಿದೆ. ಏನೂ ಹಾಕಲ್ವಾ ಇದಕ್ಕೆ?"

ಹುಟ್ಟು ಹಾಕುತ್ತಿದ್ದ ಅಣ್ಣ ತಿರುಗಿಯೂ ನೋಡಲಿಲ್ಲ. "ಹಸಿವಲ್ಲ ಸಾರ್, ಸೆಕೆ."

ನನ್ನ ಅಕ್ಕನ ಮಗಳು ಬಿಡಲಿಲ್ಲ. "ಸೆಕೆ ಆದ್ರೆ ನೀರು ಪಕ್ಕದಲ್ಲೇ ಇದೆಯಲ್ವಾ? ಇಳೀಬಹುದಲ್ಲ?"

"ಸೋಮಾರಿ ಕಣಮ್ಮ ಅದು" ಅಂದುಬಿಟ್ಟರು ಅಂಕಲ್. ಎಲ್ಲರೂ ನಕ್ಕರು. ಅಷ್ಟರಲ್ಲಿ ದೋಣಿ ತಿರುಗಿತು. ಇಡೀ ದೋಣಿಯಲ್ಲಿ ಅವಳೊಬ್ಬಳು ಕೇಳಿದ ಒಳ್ಳೆಯ ಪ್ರಶ್ನೆ ಹಾಗೇ ನೀರುಪಾಲಾಯಿತು. ಎಲ್ಲದಕ್ಕೂ ಉತ್ತರ ಇಟ್ಟುಕೊಂಡಿರುವ ಇಂಥವರು ಪ್ರತಿ ದೋಣಿಯಲ್ಲೂ ಒಬ್ಬರು ಇರುತ್ತಾರೆ ಅಂತ ಕಾಣುತ್ತೆ.

ನೀರಿಗೆ ಇಳಿದರೆ ಮೈಯ ಬಿಸಿ ಬೇಗ ಹೋಗಿಬಿಡುತ್ತದೆ. ಮೊಸಳೆಗೆ ಅದು ಬೇಡ. ನಮ್ಮ ಹಾಗೆ ಒಳಗಿನಿಂದಲೇ ಮೈ ಬಿಸಿಯಾಗಿಡುವ ಏರ್ಪಾಡು ಅದಕ್ಕಿಲ್ಲ, ಬಿಸಿಲೇ ಗತಿ. ತಿಂದ ಮೀನು ಅರಗಲೂ ಮೈ ಬೆಚ್ಚಗಿರಬೇಕು. ಚಳಿಗಾಲದಲ್ಲಿ ಇಡ್ಲಿ ಹಿಟ್ಟು ಉಬ್ಬದ ಹಾಗೆ, ತಣ್ಣನೆಯ ಹೊಟ್ಟೆಯಲ್ಲಿ ಕೆಲಸ ಸಾಗುವುದಿಲ್ಲ. ಹಾಗಂತ ತಲೆಯೂ ಕಾದುಬಿಟ್ಟರೆ ಕಷ್ಟ. ಅದಕ್ಕೇ ಬಾಯಿ ತೆರೆಯುವುದು. ಬಾಯೊಳಗಿನ ಪಸೆ ಆರುತ್ತಾ ತಲೆಯನ್ನು ತಂಪಾಗಿಡುತ್ತದೆ, ಮೈ ಮಾತ್ರ ಕಾಯುತ್ತಲೇ ಇರುತ್ತದೆ. (ಮೊಸಳೆಗಳು ರಾತ್ರಿಯಲ್ಲೂ, ಮಳೆಯಲ್ಲೂ ಒಮ್ಮೊಮ್ಮೆ ಬಾಯಿ ಬಿಡುವುದುಂಟು. ಹಾಗಾಗಿ ಸೆಕೆಯೊಂದೇ ಕಾರಣ ಅಲ್ಲ.)

ಒಳಗೂ ಸುಮ್ನೆ ಇರುವುದಿಲ್ಲ. ಬಿಸಿಲು ಕಾಯುವಾಗ ಎದೆಬಡಿತ ಏರಿ, ಚರ್ಮದ ಕಡೆಗೆ ರಕ್ತ ಜಾಸ್ತಿ ಹರಿದು, ಅಲ್ಲಿಂದ ಬಿಸಿಯನ್ನು ಒಳಗೆ ಒಯ್ಯುತ್ತದೆ. ನೀರಿಗೆ ಇಳಿದ ಮೇಲೆ ಬಡಿತ ನಿಧಾನ, ಚರ್ಮಕ್ಕೆ ರಕ್ತವೂ ಕಡಿಮೆ. ಹೀಗೆ ಬೇಗ ಕಾದು ನಿಧಾನಕ್ಕೆ ಆರುತ್ತದೆ. ಬೇಸಿಗೆ ತೀರಾ ಹೆಚ್ಚಾದರೆ ದಂಡೆಯಲ್ಲಿ ಬಿಲ ತೋಡಿ ಒಳಗೆ ಸೇರಿಕೊಳ್ಳುತ್ತದೆ. ಇದನ್ನು ಸೋಮಾರಿತನ ಅನ್ನಬೇಕಾ?

ಮಲಗಿದ್ದಾಗಲೂ ನಮ್ಮ ಮೈಯೊಳಗೆ 37 ಡಿಗ್ರಿಯ ಒಲೆ ಉರಿಯುತ್ತಲೇ ಇರಬೇಕು. ಅದಕ್ಕೇ ಹೊತ್ತೊತ್ತಿಗೆ ಸೌದೆ ಬೇಕು. ಅಂಕಲ್ಲೇ ಟಿಕೆಟ್ ಕೌಂಟರಿನಿಂದ ದೋಣಿಯವರೆಗೂ ಕೋಡುಬಳೆ ತಿನ್ನುತ್ತಾ ಬಂದರು. ಸರೀಸೃಪಕ್ಕೆ ಅದೇ ತೂಕದ ಸಸ್ತನಿಗೆ ಬೇಕಾದ ಆಹಾರದಲ್ಲಿ ಸುಮಾರು ಹತ್ತನೇ ಒಂದು ಭಾಗ ಸಾಕು. ದೊಡ್ಡ ಮೊಸಳೆ ತಿಂಗಳುಗಟ್ಟಲೆ ತಿನ್ನದೆಯೂ ಇರಬಲ್ಲದು. ಅವತ್ತು ಅಲ್ಲಿ ಯಾರಾದರೂ ಹಸಿದಿದ್ದರೆ ಅದು ಬಂಡೆಯ ಮೇಲಿನ ಮೊಸಳೆಯಲ್ಲ, ನಮ್ಮ ದೋಣಿಯವರೇ.

ಯಾರಾದರೂ ಅಲ್ಲಾಡದೆ ಕೂತಿದ್ದರೆ ನಮಗೆ ತಡೆಯುವುದಿಲ್ಲ. ಮಧ್ಯಾಹ್ನ ನೆರಳಲ್ಲಿ ಕೂತ ಗಾರೆ ಕೆಲಸದವರನ್ನೂ, ಕಣ್ಣು ಮುಚ್ಚಿದ ಆಟೋದವರನ್ನೂ ಹೀಗೇ ಸೋಮಾರಿಗಳು ಅನ್ನುತ್ತೇವೆ, ಅದೂ ಎಸಿ ಹಾಕಿದ ಕಾರಿನೊಳಗಿಂದ. ಬಿಸಿಲಿಗೆ ತಕ್ಕಂತೆ ಮೈ ನೋಡಿಕೊಳ್ಳುವುದನ್ನು ನಾವು ಮರೆತು ಎಷ್ಟು ಕಾಲವಾಯಿತೋ.

ಮನೆಗೆ ಬಂದ ಮೇಲೆ ಹುಡುಗಿಗೆ ಮೊಟ್ಟೆಯ ಕಥೆಯನ್ನೂ ಹೇಳಿದೆ. ನಮ್ಮ ಮೊಸಳೆಗಳಲ್ಲಿ ಮರಿ ಹೆಣ್ಣೋ ಗಂಡೋ ಅನ್ನುವುದನ್ನೂ ಬಿಸಿಯೇ ತೀರ್ಮಾನಿಸುತ್ತದೆ. ಗೂಡಿನ ಬಿಸಿ 31 ಡಿಗ್ರಿ ಅಥವಾ ಅದಕ್ಕಿಂತ ಕಡಿಮೆ ಇದ್ದರೆ ಹೆಣ್ಣು, 32.5ರ ಆಸುಪಾಸಿನಲ್ಲಿ ಗಂಡು. ತಾಯಿ ಮೊಟ್ಟೆ ಇಡಲು ಎಲ್ಲಿ ಗುಂಡಿ ತೋಡುತ್ತಾಳೆ ಅನ್ನುವುದರ ಮೇಲೆ ಮರಿಗಳ ಹಣೆಬರಹ. ಅವಳ ಮುಂದಿನ ಪ್ರಶ್ನೆ ಸಿದ್ಧವಿತ್ತು. "ಬೇಸಿಗೆ ವರ್ಷ ವರ್ಷ ಜಾಸ್ತಿ ಆಗ್ತಾ ಹೋದ್ರೆ?" ತೀರಾ ಬಿಸಿಯಾದರೆ ಮರಿ ಮೊಟ್ಟೆಯಲ್ಲೇ ಸಾಯುತ್ತದೆ ಅಂದೆ. ರಂಗನತಿಟ್ಟಿನಲ್ಲಿ ಎಲ್ಲಿ ಮೊಟ್ಟೆ ಇಡುತ್ತವೆ ಅಂತ ಆ ದೋಣಿಯ ಅಣ್ಣನನ್ನೇ ಕೇಳಬೇಕಂತೆ. ಪರೀಕ್ಷೆ ಮುಗಿಯಲಿ, ಹೋಗೋಣ ಅಂದಿದ್ದೇನೆ.